ಮಾಳಿಗೆಯ ಮೇಲೆ ರಿಸೀವರ್, ಕೆಳಗೆ ಕೇಳುಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಟಿವಿ ನೋಡಲೆಂದು ತಯಾರಾದ ಚಿಕ್ಕ ಯುಎಸ್‌ಬಿ ಡಾಂಗಲ್ ಒಂದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಶ್ರುತಿ ಹಿಡಿಯುವುದು, ಸೋಸುವುದು, ಧ್ವನಿಯನ್ನು ಬಿಡಿಸಿಕೊಳ್ಳುವುದು ಎಲ್ಲವನ್ನೂ ತಂತ್ರಾಂಶಕ್ಕೇ ಒಪ್ಪಿಸುವ ‘ಎಸ್‌ಡಿಆರ್’ ರೇಡಿಯೊ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬರೆದವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ಡಾಂಗಲನ್ನು ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಕಂಪ್ಯೂಟರ್ ಒಂದಕ್ಕೆ ಜೋಡಿಸಿ ಒಂದೆಡೆ ಇಟ್ಟು, ನೆಟ್‌ವರ್ಕ್ ಮೂಲಕ ಇನ್ನೊಂದೆಡೆ ಕೂತು ಕೇಳುವುದು ಹೇಗೆ? ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಕಲ್ಲುಗೋಡೆಯ ಹಳೆಯ ಮನೆ. ಆಂಟೆನಾ ಮಾಳಿಗೆಯ ಮೇಲಿದೆ. ಅಲ್ಲಿಂದ ಕೆಳಗಿನ ಕೋಣೆಗೆ ಸುಮಾರು 25 ಮೀಟರ್ ಕೇಬಲ್ ಎಳೆದಿದ್ದೇನೆ. ಎಫ್‌ಎಂ ಚೆನ್ನಾಗಿ ಕೇಳುತ್ತದೆ, ಅದಕ್ಕಿಂತ ಮೇಲಿನ ಕಂಪನಾಂಕಗಳಲ್ಲಿ ಬರೀ ‘ಸುಯ್’ ಎಂಬ ಸದ್ದು. ರಾಸ್ಪ್‌ಬೆರಿ ಪೈ ಹಾಕಿದರೆ ಸರಿಹೋಗುತ್ತದೆ ಎಂದು ಮಗ ಹೇಳುತ್ತಾನೆ. ನಿಜವೇ? ಏನೇನು ಬೇಕಾಗುತ್ತದೆ?
— ನಿವೃತ್ತ ಬ್ಯಾಂಕ್ ನೌಕರರು, ಕಲಬುರಗಿ

ಉತ್ತರ: ನಿಜವೇ. ಆದರೆ ಆ ಲಾಭ ಬರುವುದು ಪೈಯಿಂದಲ್ಲ, ನಿಮ್ಮ ಕೇಬಲ್ ಮೋಟಾಗುವುದರಿಂದ ಎಂಬುದನ್ನು ಮೊದಲು ತಿಳಿದುಕೊಂಡರೆ ಯಾವ ಸಾಮಾನಿಗೆ ಎಷ್ಟು ಹಣ ಹಾಕಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ರೇಡಿಯೊ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಆರ್‌ಜಿ-58 ಎಂಬ ತೆಳು ಕೇಬಲ್‌ನಲ್ಲಿ 100 ಮೆಗಾಹರ್ಟ್ಸ್‌ನ ಸಂಕೇತ 25 ಮೀಟರ್ ಸಾಗುವಷ್ಟರಲ್ಲಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎಫ್‌ಎಂ ಕೇಂದ್ರದ ಪ್ರಸಾರ ಬಲವಾದದ್ದಾದ್ದರಿಂದ ಈ ನಷ್ಟ ನಿಮಗೆ ಗೊತ್ತಾಗುವುದಿಲ್ಲ. ಅದೇ ಕೇಬಲ್‌ನಲ್ಲಿ 1000 ಮೆಗಾಹರ್ಟ್ಸ್‌ನ ಸಂಕೇತ ಕೆಳಗಿಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಮೊದಲೇ ಕ್ಷೀಣವಾಗಿದ್ದ ಸಂಕೇತ ಹೀಗೆ ಸೊರಗಿ ಬಂದರೆ ಡಾಂಗಲ್‌ನ ಸ್ವಂತ ಗದ್ದಲದಲ್ಲೇ ಮುಳುಗಿಹೋಗುತ್ತದೆ, ಆಮೇಲೆ ಎಷ್ಟು ವರ್ಧಿಸಿದರೂ ಸಂಕೇತದ ಜೊತೆಗೆ ಗದ್ದಲವೂ ಬೆಳೆಯುತ್ತದೆ. ಡಾಂಗಲನ್ನೇ ಆಂಟೆನಾದ ಬುಡಕ್ಕೆ ಒಯ್ದರೆ ಈ ನಷ್ಟ ಇಲ್ಲವಾಗುತ್ತದೆ. ಅಲ್ಲಿಂದ ಕೆಳಗೆ ಬರುವುದು ರೇಡಿಯೊ ತರಂಗವಲ್ಲ, ಅಂಕಿಗಳು. ಸಾಧಾರಣ ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಅಂಕಿಗಳನ್ನು ಒಂದೂ ಕೆಡದಂತೆ ತಲುಪಿಸುತ್ತದೆ.

ಪೈ ಕೊಳ್ಳುವ ಮೊದಲು ಇನ್ನೊಂದು ಅಗ್ಗದ ಪ್ರಯೋಗ ಮಾಡಿ ನೋಡಬಹುದು. ಡಿಶ್ ಟಿವಿಯವರು ಬಳಸುವ ಆರ್‌ಜಿ-6 ಕೇಬಲ್ ಎತ್ತರದ ಕಂಪನಾಂಕಗಳಲ್ಲಿ ಆರ್‌ಜಿ-58ಕ್ಕಿಂತ ಬಹಳ ಮೇಲು: ಅದೇ 25 ಮೀಟರ್‌ಗೆ 1000 ಮೆಗಾಹರ್ಟ್ಸ್‌ನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಉಳಿಯುತ್ತದೆ. ಅದು 75 ಓಮ್‌ನದು, ಡಾಂಗಲ್ ಕೇಳುವುದು 50 ಓಮ್ ಎಂದು ಕೆಲವರು ಹೆದರಿಸುತ್ತಾರೆ. ಪ್ರಸಾರ ಮಾಡುವವರಿಗೆ ಆ ವ್ಯತ್ಯಾಸ ಗಣನೀಯ, ಬರೀ ಕೇಳುವವರಿಗೆ ಅದರಿಂದಾಗುವ ನಷ್ಟ ಲೆಕ್ಕಕ್ಕಿಲ್ಲದಷ್ಟು. ಊರಿನ ಯಾವ ಕೇಬಲ್ ಅಂಗಡಿಯಲ್ಲಾದರೂ ಸಿಗುವ ವಸ್ತುವಾದ್ದರಿಂದ ಇದನ್ನು ಮೊದಲು ಹಾಕಿ ನೋಡಿ. ನಿಮ್ಮ ಅಗತ್ಯ ಅಷ್ಟರಲ್ಲೇ ಮುಗಿದರೆ ಒಳ್ಳೆಯದೇ.

ಅದು ಸಾಲದಿದ್ದರೆ ಪೈಯ ಮಾತು. ಡಾಂಗಲ್‌ಗಳಲ್ಲಿ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಚಿಪ್ಪಿನ ಜೊತೆ ಆರ್820ಟಿ2 ಟ್ಯೂನರ್ (ಬೇಕಾದ ಕಂಪನಾಂಕವನ್ನು ಆರಿಸುವ ಭಾಗ) ಇರುವುದನ್ನು ಕೊಳ್ಳಿ. ಈ ಚಿಪ್ಪು ಟಿವಿಗಷ್ಟೇ ಅಲ್ಲ, ಕಚ್ಚಾ ಅಂಕಿಗಳನ್ನು ಕೊಟ್ಟು ಸಾಮಾನ್ಯ ರೇಡಿಯೊ ಆಗಿಯೂ ಕೆಲಸ ಮಾಡಬಲ್ಲದು ಎಂಬುದು ಹವ್ಯಾಸಿಗಳಲ್ಲಿ ಪ್ರಚಾರಕ್ಕೆ ಬಂದದ್ದು 2012ರಲ್ಲಿ. ಈ ಡಾಂಗಲ್ ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ತೀರಾ ಅಗ್ಗದ ಡಾಂಗಲ್‌ಗಳ ಗಡಿಯಾರ 50 ಪಿಪಿಎಂನಷ್ಟು (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿರುವುದುಂಟು. ಅಂದರೆ 100 ಮೆಗಾಹರ್ಟ್ಸ್‌ನಲ್ಲಿ 5 ಕಿಲೋಹರ್ಟ್ಸ್ ವ್ಯತ್ಯಾಸ, 1000 ಮೆಗಾಹರ್ಟ್ಸ್‌ನಲ್ಲಿ 50 ಕಿಲೋಹರ್ಟ್ಸ್. ಬಿಸಿಯಾದಂತೆ ಈ ತಪ್ಪು ಜರುಗುತ್ತಲೂ ಹೋಗುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಇಡುವ ಸಾಮಾನಿಗೆ ತಾಪಕ್ಕೆ ಅಷ್ಟಾಗಿ ಬಾಗದ ‘ಟಿಸಿಎಕ್ಸ್‌ಒ’ ಗಡಿಯಾರವಿರುವ ಡಾಂಗಲನ್ನೇ ಆರಿಸಬೇಕೆಂಬುದು ನನ್ನ ಸಲಹೆ. ಹೆಚ್ಚುವರಿ ಖರ್ಚು ಅಲ್ಲಿ ಸಾರ್ಥಕ.

ಕಂಪ್ಯೂಟರ್ ಯಾವುದು ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪೈ 4 ಸಾಕು, ಪೈ 5 ಈ ಕೆಲಸಕ್ಕೆ ಹೆಚ್ಚಾಯಿತು. ಪೈ 3ರಲ್ಲಿ ಈಥರ್ನೆಟ್ಟೂ ಯುಎಸ್‌ಬಿಯೂ ಒಂದೇ ದಾರಿಯಲ್ಲಿ ಹಾಯುವುದರಿಂದ ಒತ್ತಡ ಬಿದ್ದಾಗ ತಡವರಿಸುತ್ತದೆ, ಆದರೂ ಮನೆಯಲ್ಲಿ ಬಿದ್ದಿದ್ದರೆ ಅದನ್ನೇ ಬಳಸಿ. ವಿದ್ಯುತ್ ಅಡಾಪ್ಟರ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್‌ಗೆ ತೆಳು ತಂತಿ ಸಿಕ್ಕಿಸಿದರೆ ಪೈ ಶುರುವಾಗುತ್ತದೆ, ಆದರೆ ಡಾಂಗಲ್ ಕೆಲಸ ಶುರುಮಾಡಿ ಕರೆಂಟ್ ಎಳೆದೊಡನೆ ವೋಲ್ಟೇಜ್ ಕುಸಿದು, ಕಾರಣ ಹೊಳೆಯದ ರೀತಿಯಲ್ಲಿ ಯುಎಸ್‌ಬಿ ಕಡಿದುಹೋಗುತ್ತದೆ. ‘ಡಾಂಗಲ್ ಕೆಟ್ಟಿದೆ’ ಎಂದು ನಮಗೆ ಬರುವ ದೂರುಗಳಲ್ಲಿ ಕೆಟ್ಟಿರುವುದು ಬಹುಪಾಲು ಚಾರ್ಜರ್.

ಎಲ್ಲಿಡಬೇಕು ಎಂಬುದು ಇನ್ನೂ ಮುಖ್ಯ. ಆಂಟೆನಾದ ಬುಡ ಎಂದೆನೆಂದು ನೀರಿನ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟೀರಿ! ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನಲ್ಲೇ ತಾಪಮಾನ 40 ಡಿಗ್ರಿ ದಾಟುತ್ತದೆ. ನೇರ ಬಿಸಿಲಿಗೆ ಬಿದ್ದ ಮುಚ್ಚಿದ ಡಬ್ಬಿಯೊಳಗೆ ಅದಕ್ಕಿಂತ ಬಹಳ ಹೆಚ್ಚು. ಪೈಯ ಚಿಪ್ಪು 80 ಡಿಗ್ರಿ ಮುಟ್ಟಿದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳಲು ತೊಡಗುತ್ತದೆ. ಮೆಟ್ಟಿಲು ಮುಗಿದು ಮಾಳಿಗೆಗೆ ತೆರೆದುಕೊಳ್ಳುವಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಕೋಣೆ ಇರುತ್ತದಲ್ಲ, ಅದರ ಒಳಗೋಡೆಗೆ, ಗಾಳಿಯಾಡುವಂತೆ, ಅಲ್ಯೂಮಿನಿಯಂ ಕವಚದಲ್ಲಿ ಪೈಯನ್ನು ತೂಗುಹಾಕಿ. ಆಂಟೆನಾದಿಂದ ಅಲ್ಲಿಗೆ ನಾಲ್ಕೈದು ಮೀಟರ್ ಆರ್‌ಜಿ-6 ಎಳೆದರೆ ನಷ್ಟ ಅತ್ಯಲ್ಪ. ಡಾಂಗಲನ್ನು ಪೈಗೆ ನೇರವಾಗಿ ಸಿಕ್ಕಿಸದೆ ಒಂದು ಮೀಟರ್ ಯುಎಸ್‌ಬಿ ತಂತಿಯ ತುದಿಯಲ್ಲಿ ದೂರವಿಡಿ, ಯಾಕೆಂದರೆ ಪೈಯೂ ತನ್ನ ಮಟ್ಟಿಗೆ ಒಂದು ಗದ್ದಲದ ಪೆಟ್ಟಿಗೆಯೇ.

ಕೆಳಗಿನ ಕೋಣೆಗೆ ವೈಫೈ ಸಾಕಲ್ಲವೇ ಎಂದು ಕೇಳುವಿರಿ. ಮೊಳದಷ್ಟು ದಪ್ಪದ ಕಲ್ಲುಗೋಡೆ, ಮೇಲೆ ಶಹಾಬಾದ್ ಫರ್ಸಿ ಹಾಸಿದ ಮಾಳಿಗೆ ಇರುವ ಮನೆಯಲ್ಲಿ ವೈಫೈ ಎರಡು ಕೋಣೆ ದಾಟುವಷ್ಟರಲ್ಲಿ ಬಸವಳಿಯುತ್ತದೆ. ಈಥರ್ನೆಟ್ ತಂತಿಯನ್ನೇ ಇಳಿಬಿಡಿ.

ಇನ್ನು ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗು ಮಳೆ ನಮ್ಮ ಸೀಮೆಯಲ್ಲಿ ಜೋರು. ಆಂಟೆನಾದ ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಭೂಮಿಗೆ ಜೋಡಿಸಿ, ಮೋಡ ಕಟ್ಟುವ ಸೂಚನೆ ಕಂಡಾಗಲೇ ಆಂಟೆನಾ ಕೇಬಲನ್ನೂ ಈಥರ್ನೆಟ್ ತಂತಿಯನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಅದಕ್ಕೆಂದು ಮಾಳಿಗೆ ಹತ್ತಬೇಡಿ. ಸಾಮಾನು ಹೋದರೆ ಹೋಗಲಿ.

ಪ್ರಶ್ನೆ: ಡಾಂಗಲಿನ ಅಂಕಿಗಳನ್ನು ನೆಟ್‌ವರ್ಕಿಗೆ ಬಿಡುವ ಆರ್‌ಟಿಎಲ್-ಟಿಸಿಪಿ ತಂತ್ರಾಂಶವನ್ನು ಪೈಯಲ್ಲಿ ಹಾಕಿ ಹಾಸ್ಟೆಲ್ ಕೋಣೆಯ ಲ್ಯಾಪ್‌ಟಾಪಿನಿಂದ ಎಸ್‌ಡಿಆರ್ ಪ್ಲಸ್ ಪ್ಲಸ್ ಎಂಬ ರೇಡಿಯೊ ತಂತ್ರಾಂಶದ ಮೂಲಕ ಜೋಡಿಸಲು ನೋಡಿದೆ. ಮೊದಲು ಸಂಪರ್ಕವೇ ಸಿಗಲಿಲ್ಲ. ಹೇಗೋ ಸಿಕ್ಕ ಮೇಲೆ ಧ್ವನಿ ಎರಡು ಕ್ಷಣಕ್ಕೊಮ್ಮೆ ತುಂಡಾಗುತ್ತದೆ. ತಪ್ಪು ಎಲ್ಲಿದೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಉತ್ತರ: ಸಂಪರ್ಕ ಸಿಗದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಪೈಯಲ್ಲಿರುವ ಲಿನಕ್ಸ್ ಈ ಡಾಂಗಲನ್ನು ಕಂಡೊಡನೆ ಟಿವಿ ಎಂದೇ ಭಾವಿಸಿ ತನ್ನ ಟಿವಿ ಡ್ರೈವರನ್ನು ಅದಕ್ಕೆ ಅಂಟಿಸಿಬಿಡುತ್ತದೆ. ಆಮೇಲೆ ಬೇರೆ ತಂತ್ರಾಂಶಕ್ಕೆ ಡಾಂಗಲ್ ಸಿಗುವುದಿಲ್ಲ. ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಎಂಬ, ಬಳಸಬಾರದ ಡ್ರೈವರ್‌ಗಳ ಪಟ್ಟಿಯ ಕಡತದಲ್ಲಿ ಸೇರಿಸಿ ಪೈಯನ್ನು ಮತ್ತೆ ಶುರುಮಾಡಬೇಕು. ಇನ್ನೊಂದು, ಆರ್‌ಟಿಎಲ್-ಟಿಸಿಪಿಯನ್ನು ಏನೂ ಹೇಳದೆ ಓಡಿಸಿದರೆ ಅದು 127.0.0.1 ಎಂಬ ವಿಳಾಸದಲ್ಲಿ, ಅಂದರೆ ಅದೇ ಪೈಯೊಳಗಿನ ಕೇಳುಗರಿಗೆ ಮಾತ್ರ, 1234ನೇ ಪೋರ್ಟ್‌ನಲ್ಲಿ ಬಾಗಿಲು ತೆರೆಯುತ್ತದೆ. ಹೊರಗಿನ ಲ್ಯಾಪ್‌ಟಾಪಿಗೂ ತೆರೆಯಬೇಕಾದರೆ ವಿಳಾಸದ ಜಾಗದಲ್ಲಿ ಪೈಗೆ ರೂಟರ್ ಕೊಟ್ಟ ವಿಳಾಸವನ್ನೋ 0.0.0.0 ಎಂದೋ ಕೊಡಬೇಕು. ಇದು ಒಂದು ಬಾರಿಗೆ ಒಬ್ಬ ಕೇಳುಗನನ್ನು ಮಾತ್ರ ಒಳಗೆ ಬಿಡುತ್ತದೆ ಎಂಬುದೂ ನೆನಪಿರಲಿ. ಪಕ್ಕದ ಕೋಣೆಯ ಗೆಳೆಯ ಈಗಾಗಲೇ ಜೋಡಿಸಿಕೊಂಡು ಕೂತಿದ್ದರೆ ನಿಮಗೆ ಸಿಗುವುದಿಲ್ಲ.

ತುಂಡಾಗುವ ಧ್ವನಿಯ ಕಾರಣವನ್ನು ಕಾಗದದ ಮೇಲೆ ಲೆಕ್ಕ ಹಾಕಿದರೆ ಕಣ್ಣಿಗೇ ಕಾಣುತ್ತದೆ. ನೀವು ಆರಿಸಿರುವ ಮಾದರಿ ದರ (ಡಾಂಗಲ್ ಸಂಕೇತವನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದು), ಬಹುಶಃ, ಸೆಕೆಂಡಿಗೆ 24 ಲಕ್ಷ. ಪ್ರತಿ ಮಾದರಿಗೂ ಎರಡು ಅಂಕಿಗಳು, ಪ್ರತಿ ಅಂಕಿಗೂ 8 ಬಿಟ್. ಹಾಗಾದರೆ ಸೆಕೆಂಡಿಗೆ 3 ಕೋಟಿ 84 ಲಕ್ಷ ಬಿಟ್, ಅಂದರೆ 38.4 ಮೆಗಾಬಿಟ್. ನೀವು ಕೇಳುತ್ತಿರುವುದು ಒಂದೇ ಒಂದು ಕೇಂದ್ರವಾದರೂ, ಏನೂ ಪ್ರಸಾರವಿಲ್ಲದ ಹೊತ್ತಿನಲ್ಲೂ, ಈ ಪ್ರವಾಹ ಒಂದು ಕ್ಷಣ ನಿಲ್ಲದೆ ಹರಿಯಬೇಕು. ಹಾಸ್ಟೆಲಿನಲ್ಲಿ ನೂರಾರು ಮೊಬೈಲ್‌ಗಳು ಹಂಚಿಕೊಂಡಿರುವ 2.4 ಗಿಗಾಹರ್ಟ್ಸ್ ವೈಫೈ, ವೇಗ ಪರೀಕ್ಷೆಯಲ್ಲಿ 40 ಮೆಗಾಬಿಟ್ ತೋರಿಸಿದರೂ, ಅದನ್ನು ಎಡೆಬಿಡದೆ ಕೊಡಲಾರದು. ವಿಡಿಯೊ ಆಗಿದ್ದರೆ ಮುಂದಿನದನ್ನು ಮೊದಲೇ ತಂದಿಟ್ಟುಕೊಂಡು ನಿಭಾಯಿಸುತ್ತಿತ್ತು. ರೇಡಿಯೊದ ಅಂಕಿಗಳು ಆಯಾ ಕ್ಷಣದಲ್ಲೇ ಹುಟ್ಟುವಂಥವು, ಮೊದಲೇ ತಂದಿಡಲು ಬರುವುದಿಲ್ಲ.

ಪರಿಹಾರ ಎರಡು. ಸುಲಭದ್ದು, ಮಾದರಿ ದರವನ್ನು ಇಳಿಸುವುದು. 2 ಲಕ್ಷ 40 ಸಾವಿರಕ್ಕೆ ಇಳಿಸಿದರೆ 4 ಮೆಗಾಬಿಟ್‌ಗಿಂತ ಕಡಿಮೆ ಸಾಕು, ಒಂದು ಎಫ್‌ಎಂ ಕೇಂದ್ರಕ್ಕೆ ಅಷ್ಟು ಅಗಲ ಸಾಕು (ದರ ಎಷ್ಟೋ ಅಷ್ಟು ಹರ್ಟ್ಸ್ ಅಗಲದ ಬ್ಯಾಂಡ್ ಒಮ್ಮೆಗೆ ಕಾಣುತ್ತದೆ). 5 ಲಕ್ಷ, 6 ಲಕ್ಷ ಎಂಬ ನಡುವಿನ ದರಗಳನ್ನು ಕೊಟ್ಟು ‘ಕೆಲಸ ಮಾಡುತ್ತಿಲ್ಲ’ ಎಂದು ಪರದಾಡಬೇಡಿ. ಆರ್‌ಟಿಎಲ್2832ಯು ಚಿಪ್ಪು ಸುಮಾರು 2.25ರಿಂದ 3 ಲಕ್ಷದವರೆಗೆ, ಆಮೇಲೆ 9 ಲಕ್ಷದಿಂದ 32 ಲಕ್ಷದವರೆಗೆ ಮಾತ್ರ ಒಪ್ಪುತ್ತದೆ, ನಡುವೆ ಖಾಲಿ. 32 ಲಕ್ಷ ಒಪ್ಪಿದರೂ 24 ಲಕ್ಷದ ಮೇಲೆ ಮಾದರಿಗಳು ಉದುರುತ್ತವೆ.

ಎರಡನೆಯ ಪರಿಹಾರ ಕ್ರಮವನ್ನೇ ಬದಲಿಸುವುದು. ಕಬ್ಬನ್ನೇ ಊರಿಂದೂರಿಗೆ ಸಾಗಿಸುವುದರ ಬದಲು ಗದ್ದೆಯ ಬದಿಯಲ್ಲೇ ಗಾಣ ಹೂಡಿ ಬೆಲ್ಲವನ್ನು ಕಳಿಸಿದಂತೆ, ಕಚ್ಚಾ ಅಂಕಿಗಳನ್ನು ಪೈಯಲ್ಲೇ ಅರೆದು ಸಿದ್ಧ ಧ್ವನಿಯನ್ನಷ್ಟೇ ನೆಟ್‌ವರ್ಕಿಗೆ ಬಿಡಬಹುದು. ಓಪನ್‌ವೆಬ್‌ಆರ್‌ಎಕ್ಸ್ ಎಂಬ ತಂತ್ರಾಂಶ ಮಾಡುವುದು ಇದನ್ನೇ: ಪೈಯೇ ಶ್ರುತಿ ಹಿಡಿದು, ಧ್ವನಿ ಬಿಡಿಸಿ, ವಾಟರ್‌ಫಾಲ್ ಚಿತ್ರವನ್ನೂ (ಬ್ಯಾಂಡಿನ ಸಂಕೇತಗಳನ್ನು ಕ್ಷಣಕ್ಷಣಕ್ಕೂ ಪಟ್ಟಿಗಳಾಗಿ ತೋರಿಸುವ ನಕ್ಷೆ) ಬರೆದು ಬ್ರೌಸರಿಗೆ ಕಳಿಸುತ್ತದೆ. ಪ್ರತಿ ಕೇಳುಗನಿಗೆ 1 ಮೆಗಾಬಿಟ್‌ನೊಳಗೇ ಮುಗಿಯುತ್ತದೆ, ಲ್ಯಾಪ್‌ಟಾಪಿನಲ್ಲಿ ಏನನ್ನೂ ಹಾಕಬೇಕಿಲ್ಲ, ಒಂದೇ ಬ್ಯಾಂಡಿನಲ್ಲಿ ನಾಲ್ಕಾರು ಗೆಳೆಯರು ಬೇರೆ ಬೇರೆ ಕೇಂದ್ರ ಕೇಳಬಹುದು. ಇವೆರಡರ ನಡುವಿನ ದಾರಿಯೂ ಒಂದಿದೆ. ಏರ್‌ಸ್ಪೈಯವರ ಸ್ಪೈಸರ್ವರ್ ನೀವು ಕೇಳುವ ತುಣುಕಿನ ಅಂಕಿಗಳನ್ನು ಮಾತ್ರ ಪೈಯಲ್ಲೇ ಕತ್ತರಿಸಿ ಕಳಿಸುತ್ತದೆ, ಧ್ವನಿ ಬಿಡಿಸುವ ಕೆಲಸ ನಿಮ್ಮ ಲ್ಯಾಪ್‌ಟಾಪಿನದು. ನೀವು ವಿದ್ಯಾರ್ಥಿ. ಕಚ್ಚಾ ಅಂಕಿಗಳನ್ನು ಕೈಯಲ್ಲಿ ಹಿಡಿದು ಸ್ವಂತ ಪ್ರೋಗ್ರಾಂ ಬರೆಯುವ ಆಸೆಯಿದ್ದರೆ ಆರ್‌ಟಿಎಲ್-ಟಿಸಿಪಿಯನ್ನು ಬಿಡಬೇಡಿ, ಪೈಗೂ ಲ್ಯಾಪ್‌ಟಾಪಿಗೂ ನಡುವೆ ಎರಡು ಮೀಟರ್ ಈಥರ್ನೆಟ್ ತಂತಿ ಹಾಕಿ. ಬರೀ ಕೇಳುವುದಷ್ಟೇ ಆದರೆ ಓಪನ್‌ವೆಬ್‌ಆರ್‌ಎಕ್ಸ್‌ಗೆ ಬದಲಾಗಿ.

ಪ್ರಶ್ನೆ: ಊರು ಸುರಪುರ, ಕೆಲಸ ಬೆಂಗಳೂರಿನಲ್ಲಿ. ಊರ ಮನೆಯಲ್ಲಿ ಪೈ ಇಟ್ಟು ಬಂದಿದ್ದೇನೆ. ಇಲ್ಲಿಂದ ಮೊಬೈಲ್‌ನಲ್ಲಿ ಅಲ್ಲಿನ ರೇಡಿಯೊ ಕೇಳಬೇಕೆಂಬ ಆಸೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನ ಕೋರಿಕೆಯನ್ನು ಪೈಗೆ ದಾಟಿಸುವಂತೆ ಹೇಳಿದರೂ) ಹೊರಗಿನಿಂದ ತೆರೆದುಕೊಳ್ಳುವುದಿಲ್ಲ.
— ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ರೂಟರ್‌ನ ಪುಟದಲ್ಲಿ ‘ವ್ಯಾನ್’ (ಇಂಟರ್‌ನೆಟ್ ಕಡೆಯ) ವಿಳಾಸ ಎಂದಿರುವುದನ್ನು ನೋಡಿ. ಅದು 100.64ರಿಂದ 100.127ರವರೆಗಿನ ಯಾವುದಾದರೂ ಅಂಕಿಯಿಂದ ಶುರುವಾಗಿದ್ದರೆ, ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆ ಎಂದರ್ಥ. ಆ ಅಂಕಿಗಳನ್ನು ಈ ಹಂಚಿಕೆಗೆಂದೇ ಮೀಸಲಿಡಲಾಗಿದೆ. ಅಂಥಲ್ಲಿ ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ, ಹೊರಗಿನ ಬಾಗಿಲು ಕಂಪನಿಯ ಬಳಿ ಇರುತ್ತದೆ. ತೆರೆಯದೆ ಇದ್ದದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಆರ್‌ಟಿಎಲ್-ಟಿಸಿಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ, ವಿಳಾಸ ಗೊತ್ತಾದ ಯಾರು ಬೇಕಾದರೂ ಬಂದು ನಿಮ್ಮ ರಿಸೀವರನ್ನು ತಿರುಗಿಸಬಹುದು. ಓಪನ್‌ವೆಬ್‌ಆರ್‌ಎಕ್ಸ್ ಕೂಡ ಸೆಟ್ಟಿಂಗ್ ಬದಲಿಸುವವರಿಗೆ ಪಾಸ್‌ವರ್ಡ್ ಕೇಳುತ್ತದೆಯೇ ಹೊರತು ಕೇಳುಗರಿಗೆ ಕೇಳುವುದಿಲ್ಲ.

ನೀವು ಮಾಡಬೇಕಾದದ್ದು ಖಾಸಗಿ ಸುರಂಗ, ಅಂದರೆ ವಿಪಿಎನ್. ಎರಡೂ ಕಡೆ ಸಾರ್ವಜನಿಕ ವಿಳಾಸವಿಲ್ಲದಾಗ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶವೊಂದೇ ಸಾಲದು, ನಡುವೆ ಪರಿಚಯ ಮಾಡಿಸುವ ಒಂದು ಸರ್ವರ್ ಬೇಕು. ಟೇಲ್‌ಸ್ಕೇಲ್‌ನಂಥ ಸೇವೆಗಳು ಆ ಕೆಲಸ ಮಾಡುತ್ತವೆ. ಪೈಯಲ್ಲೂ ಮೊಬೈಲ್‌ನಲ್ಲೂ ಅದನ್ನು ಹಾಕಿದರೆ ಎರಡೂ ಒಂದೇ ಮನೆಯ ನೆಟ್‌ವರ್ಕಿನಲ್ಲಿ ಇದ್ದಂತೆ ವರ್ತಿಸುತ್ತವೆ. ಬ್ರೌಸರಿನಲ್ಲಿ ಪೈಯ ಆ ಹೊಸ ವಿಳಾಸ, ಮುಂದೆ 8073 ಎಂಬ ಪೋರ್ಟ್ ಕೊಟ್ಟರೆ ಓಪನ್‌ವೆಬ್‌ಆರ್‌ಎಕ್ಸ್ ತೆರೆದುಕೊಳ್ಳುತ್ತದೆ.

ಮೊಬೈಲ್‌ನಲ್ಲಿ ಕಚ್ಚಾ ಅಂಕಿಗಳನ್ನು ತರಿಸಿಕೊಳ್ಳುವ ಆಸೆಯನ್ನಂತೂ ಬಿಡಿ. 24 ಲಕ್ಷದ ದರದಲ್ಲಿ ಸೆಕೆಂಡಿಗೆ 4.8 ಮೆಗಾಬೈಟ್, ತಾಸಿಗೆ 17 ಗಿಗಾಬೈಟ್‌ಗೂ ಹೆಚ್ಚು. ದಿನಕ್ಕೆ ಒಂದೂವರೆ ಗಿಗಾಬೈಟ್‌ನ ಪ್ಯಾಕ್ ಐದು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. 2 ಲಕ್ಷ 40 ಸಾವಿರಕ್ಕೆ ಇಳಿಸಿದರೂ ಒಂದು ತಾಸಿನೊಳಗೆ ಖಾಲಿ.

ಪ್ರಶ್ನೆ: ಬೀದರ್ ವಾಯುನೆಲೆಯ ತರಬೇತಿ ವಿಮಾನಗಳು ದಿನವೂ ನಮ್ಮ ಮನೆಯ ಮೇಲೆ ಹಾರುತ್ತವೆ. ಅವುಗಳ ಮಾತುಕತೆಯನ್ನು ಈ ರಿಸೀವರ್‌ನಲ್ಲಿ ಹಿಡಿದು ಗೆಳೆಯರಿಗೂ ಇಂಟರ್‌ನೆಟ್‌ನಲ್ಲಿ ಕೇಳಿಸಬಹುದೇ?
— ಓದುಗರು, ಬೀದರ್

ಉತ್ತರ: ಬೇಡ. ಡಾಂಗಲ್‌ಗೆ ಸಾಮರ್ಥ್ಯ ಇದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ತಮಗೆಂದು ಕಳಿಸದ ಸಂದೇಶವನ್ನು ಅನುಮತಿಯಿಲ್ಲದೆ ಕದ್ದು ಕೇಳುವುದು ನಮ್ಮ ದೇಶದಲ್ಲಿ ಅಪರಾಧ, 2023ರ ದೂರಸಂಪರ್ಕ ಕಾಯ್ದೆಯಲ್ಲೂ ಅದಕ್ಕೆ ಶಿಕ್ಷೆಯಿದೆ. ಅದರಲ್ಲೂ ವಾಯುಪಡೆಯ ಮಾತನ್ನು ಇಂಟರ್‌ನೆಟ್‌ನಲ್ಲಿ ಹಂಚುವುದು ನೀವು ‘ಹವ್ಯಾಸ’ ಎಂದರೂ ವಿಚಾರಣೆಗೆ ಬಂದವರು ಹಾಗೆ ತಿಳಿಯುವ ಸಂಗತಿಯಲ್ಲ. ನೆಟ್‌ವರ್ಕ್ ರಿಸೀವರ್‌ನ ವಿಷಯದಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ನೀವು ಸ್ವತಃ ಕೇಳದಿದ್ದರೂ, ಎಲ್ಲರಿಗೂ ತೆರೆದಿಟ್ಟ ರಿಸೀವರನ್ನು ದೂರದೇಶದಲ್ಲಿ ಕೂತವನೊಬ್ಬ ಎಲ್ಲಿ ಬೇಕಾದರೂ ತಿರುಗಿಸಿಕೊಳ್ಳಬಹುದು, ಆಂಟೆನಾ ಮಾತ್ರ ನಿಮ್ಮ ಮಾಳಿಗೆಯ ಮೇಲಿರುತ್ತದೆ. ಓಪನ್‌ವೆಬ್‌ಆರ್‌ಎಕ್ಸ್‌ನಲ್ಲಿ ಯಾವ ಯಾವ ಬ್ಯಾಂಡ್‌ಗಳು ಸಿಗಬೇಕೆಂಬುದನ್ನು ನೀವೇ ಪ್ರೊಫೈಲ್‌ಗಳಲ್ಲಿ ನಿಗದಿ ಮಾಡುತ್ತೀರಿ. ಆಕಾಶವಾಣಿ, ಹವ್ಯಾಸಿ ರೇಡಿಯೊ ಬ್ಯಾಂಡ್‌ಗಳು, ಹವಾಮಾನ ಉಪಗ್ರಹಗಳು, ಇವಿಷ್ಟಕ್ಕೆ ನಿಲ್ಲಿಸಿ.

ಕೇಳುವುದಕ್ಕೆ ಬೇರೆ ಬೇಕಾದಷ್ಟಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ 145.800 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಆಗಿ ಬರುತ್ತದೆ. ಅರ್ಧ ಮೀಟರಿಗಿಂತ ತುಸು ಉದ್ದದ ನೆಟ್ಟನೆಯ ತಂತಿಯೇ ಅದಕ್ಕೆ ಆಂಟೆನಾ ಆಗಬಲ್ಲದು. ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಹಳೆಯ ಚಿತ್ರಪ್ರಸಾರ 2025ರಲ್ಲಿ ನಿಂತುಹೋದದ್ದರಿಂದ, ಅದನ್ನು ಹೇಳಿಕೊಡುವ ಹಳೆಯ ಪಾಠಗಳನ್ನು ನೋಡಿ ಮೋಸಹೋಗಬೇಡಿ. ರಷ್ಯಾದ ಮೆಟಿಯೋರ್ ಉಪಗ್ರಹಗಳು ಅದೇ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಡಿಜಿಟಲ್ ಚಿತ್ರ ಕಳಿಸುತ್ತವೆ. ಕೇಳುವುದರ ಜೊತೆಗೆ ಮಾತನಾಡಬೇಕೆಂಬ ಆಸೆ ಹುಟ್ಟಿದರೆ ಕೇಂದ್ರ ಸಂಪರ್ಕ ಸಚಿವಾಲಯದ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು, ವಿಯು2 ಅಥವಾ ವಿಯು3 ಎಂದು ಶುರುವಾಗುವ ಸ್ವಂತ ಕರೆಸಂಕೇತ ಪಡೆಯಿರಿ.

ಪ್ರಶ್ನೆ: ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆಂಬ ಲೆಕ್ಕವಿಲ್ಲ. ಎರಡು ಎಸ್‌ಡಿ ಕಾರ್ಡ್ ಹಾಳಾದವು. ಪ್ರತಿ ಸಲ ಎಲ್ಲವನ್ನೂ ಮೊದಲಿನಿಂದ ಹಾಕಬೇಕೆ?
— ಶಾಲಾ ಶಿಕ್ಷಕರು, ಸೇಡಂ

ಉತ್ತರ: ಕರೆಂಟ್ ಹೋಗುವುದರಿಂದ ಕಾರ್ಡ್ ಕೆಡುವುದಿಲ್ಲ, ಕಾರ್ಡಿಗೆ ಬರೆಯುತ್ತಿರುವಾಗ ಹೋಗುವುದರಿಂದ ಕೆಡುತ್ತದೆ. ಆದ್ದರಿಂದ ಬರೆಯುವುದನ್ನೇ ನಿಲ್ಲಿಸಿ. ರಾಸ್ಪ್‌ಬೆರಿ ಪೈಯ ಸೆಟ್ಟಿಂಗ್ ಪರಿಕರದಲ್ಲಿ ‘ಓವರ್‌ಲೇ ಫೈಲ್ ಸಿಸ್ಟಂ’ ಎಂಬ ಆಯ್ಕೆ ಇದೆ. ಅದನ್ನು ಹಾಕಿದ ಮೇಲೆ ಕಾರ್ಡ್ ಓದುವುದಕ್ಕಷ್ಟೇ ಬಳಕೆಯಾಗುತ್ತದೆ, ಬದಲಾವಣೆಗಳೆಲ್ಲ ರ್‍ಯಾಮಿನಲ್ಲಿ ಉಳಿದು ಕರೆಂಟ್ ಹೋದಾಗ ಅಳಿಸಿಹೋಗುತ್ತವೆ. ರಿಸೀವರ್‌ಗೆ ಇದರಿಂದ ಏನೂ ತೊಂದರೆಯಿಲ್ಲ. ಕಂಪನಾಂಕ, ಗೇನ್ (ವರ್ಧನೆಯ ಮಟ್ಟ), ಪಾಸ್‌ವರ್ಡ್ ಎಲ್ಲವನ್ನೂ ಮನಸ್ಸಿಗೆ ಒಪ್ಪುವಂತೆ ಸರಿಪಡಿಸಿಕೊಂಡ ಮೇಲೆ ಕೊನೆಗೆ ಇದನ್ನು ಹಾಕಿ. ಮುಂದೆ ತಂತ್ರಾಂಶ ನವೀಕರಿಸಬೇಕಾದಾಗ ತೆಗೆದು, ನವೀಕರಿಸಿ, ಮತ್ತೆ ಹಾಕಿ. ಇದನ್ನು ಮರೆತು ‘ಎಷ್ಟು ಸಲ ಬದಲಿಸಿದರೂ ನಿಲ್ಲುತ್ತಿಲ್ಲ’ ಎಂದು ಬರೆದವರೂ ಇದ್ದಾರೆ. ಎಲ್ಲ ಸರಿಯಾಗಿರುವ ದಿನ ಕಾರ್ಡಿನ ಒಂದು ಪೂರ್ಣ ಪ್ರತಿಯನ್ನು ಮತ್ತೊಂದು ಕಾರ್ಡಿಗೆ ತೆಗೆದಿಡುವುದು ಇನ್ನೂ ಕ್ಷೇಮ.

ರಿಸೀವರ್ ತಂತ್ರಾಂಶವನ್ನು ಸಿಸ್ಟಂ ಸೇವೆಯಾಗಿ ನೋಂದಾಯಿಸಿ, ನಿಂತರೆ ತಾನೇ ಮತ್ತೆ ಶುರುವಾಗುವಂತೆ ಮಾಡಿ. ಆಗ ಕರೆಂಟ್ ಬಂದೊಡನೆ ಯಾರೂ ಮಾಳಿಗೆ ಹತ್ತಬೇಕಿಲ್ಲ. ಪೈಯೊಂದನ್ನೇ ಇನ್ವರ್ಟರಿಗೆ ಹಾಕಿ ರೂಟರನ್ನು ಬಿಟ್ಟರೆ ಉಪಯೋಗವಿಲ್ಲ, ಎರಡನ್ನೂ ಹಾಕಿ. ಪೈ 4ರೊಳಗೆ ಕರೆಂಟಿಲ್ಲದಾಗಲೂ ಓಡುವ ಗಡಿಯಾರವಿಲ್ಲ. ಇಂಟರ್‌ನೆಟ್ ಸಿಗುವವರೆಗೆ ಅದು ತಪ್ಪು ಹೊತ್ತನ್ನೇ ತೋರಿಸುತ್ತದೆ, ಉಪಗ್ರಹ ಹಾಯುವ ಹೊತ್ತಿಗೆ ರೆಕಾರ್ಡಿಂಗ್ ಇಟ್ಟವರು ಇದನ್ನು ಗಮನಿಸಬೇಕು.

ಪ್ರಶ್ನೆ: ಚಿಕ್ಕಂದಿನಲ್ಲಿ ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ದೂರದೂರದ ಆಕಾಶವಾಣಿ ಕೇಂದ್ರಗಳನ್ನು ಹುಡುಕಿ ಕೇಳುತ್ತಿದ್ದೆ. ಈ ಡಾಂಗಲ್ 24 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಮಾತ್ರವಂತೆ. ಬೇರೆ ದಾರಿ ಇಲ್ಲವೇ?
— ಓದುಗರು, ಆಳಂದ

ಉತ್ತರ: ಇದೆ. ಟ್ಯೂನರನ್ನು ಬದಿಗಿಟ್ಟು ಆಂಟೆನಾದ ಸಂಕೇತವನ್ನು ನೇರವಾಗಿ ಆರ್‌ಟಿಎಲ್2832ಯು ಚಿಪ್ಪಿಗೆ ಕೊಡುವ ‘ಡೈರೆಕ್ಟ್ ಸ್ಯಾಂಪ್ಲಿಂಗ್’ ಎಂಬ ವಿಧಾನವಿದೆ. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನವರ ವಿ3 ಡಾಂಗಲ್‌ನಲ್ಲಿ ಅದಕ್ಕೆ ಬೆಸುಗೆ ಹಾಕದೆಯೇ ಅನುಕೂಲ ಮಾಡಿಕೊಟ್ಟಿದ್ದಾರೆ. ಚಿಪ್ಪಿನ ಗಡಿಯಾರ 28.8 ಮೆಗಾಹರ್ಟ್ಸ್ ಆದ್ದರಿಂದ ಅದರ ಅರ್ಧ, ಅಂದರೆ 14.4ರವರೆಗೆ ಚಿತ್ರ ಶುದ್ಧ, ಅದರಾಚೆಗಿನ ಕೇಂದ್ರಗಳು ಮಡಚಿಕೊಂಡು ಕೆಳಗಿನ ಜಾಗದಲ್ಲೂ ಕಾಣಿಸಿಕೊಳ್ಳುತ್ತವೆ. ಮೀಡಿಯಂ ವೇವ್‌ಗೆ ಈ ತೊಡಕು ಅಷ್ಟಾಗಿ ಬಾಧಿಸದು. ವಿ4 ಎಂಬ ನಂತರದ ಡಾಂಗಲ್ ಸಣ್ಣ ಕಂಪನಾಂಕಗಳನ್ನು ಒಳಗೇ ಮೇಲಕ್ಕೆತ್ತಿಕೊಂಡು ಟ್ಯೂನರಿಗೆ ಕೊಡುತ್ತದೆ, ಅದಕ್ಕೆ ಹೊಸ ಡ್ರೈವರ್ ಬೇಕು.

ನಿಮ್ಮ ನೆಟ್‌ವರ್ಕಿಗೂ ಇದು ಹಗುರ. ನಮ್ಮ ಮೀಡಿಯಂ ವೇವ್ ಬ್ಯಾಂಡ್ 531ರಿಂದ 1602 ಕಿಲೋಹರ್ಟ್ಸ್‌ವರೆಗೆ, ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್. 2 ಲಕ್ಷ 40 ಸಾವಿರದ ದರದಲ್ಲಿ ಒಂದೇ ನೋಟಕ್ಕೆ 26 ಕೇಂದ್ರಗಳ ಜಾಗ ತೆರೆ ಮೇಲೆ ಕಾಣುತ್ತದೆ. ಹಳಬರಿಗೆ ನೆನಪಿರುವ ಬೆಂಗಳೂರಿನ 612, ಹೈದರಾಬಾದಿನ 738, ಧಾರವಾಡದ 765 ಮೂರೂ ಅಷ್ಟರೊಳಗೆ ಹಿಡಿಸುತ್ತವೆ. ಹಗಲಿನಲ್ಲಿ ಆಕಾಶದ ಕೆಳಪದರ ಈ ತರಂಗಗಳನ್ನು ಹೀರಿಕೊಳ್ಳುವುದರಿಂದ ದೂರದವು ಸಿಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಮೇಲಿನ ಪದರದಿಂದ ಪ್ರತಿಫಲಿಸಿ ದೂರದ ಕೇಂದ್ರಗಳು ಬಂದಿಳಿಯುತ್ತವೆ.

ಈ ಬ್ಯಾಂಡಿನಲ್ಲಿ ನಿಮ್ಮ ಕಾಲದಲ್ಲಿ ಇಲ್ಲದ ಶತ್ರುವೊಂದು ಈಗ ಇದೆ: ಮನೆ ತುಂಬ ಇರುವ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳ ವಿದ್ಯುತ್ ಗದ್ದಲ. ಅದನ್ನು ಹೀಗೆ ಪತ್ತೆಹಚ್ಚಿ. ಪೈಯನ್ನು ಪವರ್‌ಬ್ಯಾಂಕ್‌ಗೆ ಹಾಕಿ, ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಇಟ್ಟು ಎರಡಕ್ಕೂ ನೇರವಾಗಿ ಈಥರ್ನೆಟ್ ತಂತಿ ಜೋಡಿಸಿ, ವಾಟರ್‌ಫಾಲ್ ನೋಡುತ್ತಾ ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿ. ಸಮಾನ ಅಂತರದಲ್ಲಿ ನಿಂತಿದ್ದ ಮಸುಕು ಪಟ್ಟಿಗಳು ಒಮ್ಮೆಲೇ ಮಾಯವಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಮೇನ್ ಹಾಕಿ, ಒಂದೊಂದೇ ಕೋಣೆಯ ಸ್ವಿಚ್ ಹಾಕಿಸುತ್ತಾ ಹೋದರೆ ಯಾವ ಬಲ್ಬಿಗೆ, ಯಾವ ಅಡಾಪ್ಟರಿಗೆ ಪಟ್ಟಿ ಮರಳುತ್ತದೆಂಬುದು ತಿಳಿಯುತ್ತದೆ. ರೂಟರ್‌ನ ಅಡಾಪ್ಟರೇ ಅಪರಾಧಿಯಾಗಿರುವುದೂ ಉಂಟು. ಪಟ್ಟಿಗಳು ಹೋಗದೆ ಉಳಿದರೆ ಗದ್ದಲ ನೆರೆಮನೆಯದೋ ಬೀದಿದೀಪದ್ದೋ ಆಗಿರುತ್ತದೆ. ಆಗ ಆಂಟೆನಾವನ್ನು ದೂರ ಒಯ್ಯುವುದೊಂದೇ ದಾರಿ. ಹೊಲದಲ್ಲಿ ಪಂಪ್‌ಸೆಟ್ ಕೋಣೆ ಇದ್ದು, ಅಲ್ಲಿಗೆ ಮೊಬೈಲ್ ಇಂಟರ್‌ನೆಟ್ ಸಿಗುವುದಾದರೆ ಹತ್ತು–ಇಪ್ಪತ್ತು ಮೀಟರ್ ತಂತಿಯನ್ನು ಎರಡು ಮರಗಳ ನಡುವೆ ಕಟ್ಟಿ, ಪೈಯನ್ನು ಅಲ್ಲಿಡಿ. ಮೋಟಾರು ಓಡದ ರಾತ್ರಿ ಹೊತ್ತಿನಲ್ಲಿ ಮನೆಯಿಂದ ಓಪನ್‌ವೆಬ್‌ಆರ್‌ಎಕ್ಸ್ ತೆರೆದು ಕೇಳಿ.